ಗುಳಗಿ ನುಂಗಿದವಳ ಕೂಸು

"ಗುಳಗಿ ನುಂಗಿ ಹಡದಾಳ. ಇನ್ನ ಕೂಸಿನ ತಲಿ ಹೆಂಗ ಚುರುಕಿರ್ತದ?"

ನನ್ನ ಚಿಗವ್ವನ ಮಗಳ ಬಗ್ಗೆ ಈ ಮಾತನ್ನು ಕಕ್ಕೇರಾದ ನಮ್ಮ ಓಣಿಯಲ್ಲಿ ಏಳು ವರ್ಷಗಳಿಂದ ಕೇಳುತ್ತಿದ್ದೇನೆ. ಹಾಗೆ ಅನ್ನುವವರು ಕೆಟ್ಟವರೇನಲ್ಲ. ಆ ಕೂಸಿಗೆ ಕುಂಚಿಗಿ ಹೊಲಿದು ಕೊಟ್ಟವರೂ ಅವರೇ. ಆದರೂ ಈ ಮಾತು ತಪ್ಪು, ತಪ್ಪಷ್ಟೇ ಅಲ್ಲ, ಅಪಾಯಕಾರಿ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ಆಕೆ ಮೊದಲ ಗುಳಿಗೆ ನುಂಗಿದ್ದು ಅಮಲಿಗಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವವರು ಹೆಂಗಸರು. ನಾಟಿ ಮುಗಿದರೆ ಬೆಂಗಳೂರಿನ ಕಟ್ಟಡದ ಕೆಲಸ, ತಲೆಯ ಮೇಲೆ ಇಟ್ಟಿಗೆ. ಸೊಂಟ ಹಿಡಿದುಕೊಂಡು ಕುಳಿತವಳಿಗೆ ಮೇಸ್ತ್ರಿ ತಂದುಕೊಟ್ಟ ಕ್ಯಾಪ್ಸೂಲಿನ ಹೆಸರು ಟ್ರಮಡಾಲ್. ಕಾರ್ಖಾನೆಯಲ್ಲಿ ತಯಾರಾಗುವ ಈ ನೋವಿನ ಮದ್ದಿನ ಗುಣ ಅಫೀಮಿನದೇ. ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದದ್ದು 2018ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲೇ ಆಕೆಗೆ ದಿನಕ್ಕೆ ಒಂದಿದ್ದದ್ದು ನಾಲ್ಕಾಗಿತ್ತು. ಬಿಟ್ಟರೆ ಬೆವರು, ಆಕಳಿಕೆ, ಹೊಟ್ಟೆ ನುಲಿತ. "ನೋವಿಗಲ್ಲ ಅಕ್ಕಾ, ಎದ್ದು ನಿಲ್ಲಾಕ ಬೇಕಾಗ್ತದ" ಅಂದಿದ್ದಳು.

ಐದು ತಿಂಗಳ ಬಸುರಿ ಇದ್ದಾಗ ಒಂದು ಆಸ್ಪತ್ರೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿದಳು. ಅಲ್ಲಿ ಸಿಕ್ಕಿದ್ದು ಬೈಗುಳ. ಇವತ್ತೇ ಬಿಡು, ಇಲ್ಲದಿದ್ದರೆ ಬುದ್ಧಿಯಿಲ್ಲದ ಕೂಸು ಹುಟ್ಟುತ್ತದೆ ಎಂದರಂತೆ. ನಾಲ್ಕು ದಿನ ಬಿಟ್ಟಳು. ಐದನೇ ದಿನ ಮತ್ತೆ ನುಂಗಿದಳು, ಈ ಸಲ ಕದ್ದು. ಹೆರಿಗೆ ನೋವು ಬರುವ ತನಕ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ರಕ್ತ ಪರೀಕ್ಷೆ ಇಲ್ಲ, ಕಬ್ಬಿಣದ ಗುಳಿಗೆ ಇಲ್ಲ, ತೂಕ ನೋಡಿದವರಿಲ್ಲ. ಆ ಬೈಗುಳದ ಫಲ ಇಷ್ಟು.

ವಿಜ್ಞಾನ ಏನು ಹೇಳುತ್ತದೆ ನೋಡಿ. ಅಫೀಮಿನ ಜಾತಿಯ ಮದ್ದುಗಳು ಮಾಸನ್ನು ದಾಟಿ ಕೂಸಿನ ಮೈಗೆ ಹೋಗುತ್ತವೆ. ಕೂಸಿಗೂ ಅವು ರೂಢಿಯಾಗುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಸರಬರಾಜು ತಟ್ಟನೆ ನಿಲ್ಲುತ್ತದೆ. ಆಮೇಲಿನ ಕೆಲವು ದಿನ ಕೂಸು ನಡುಗುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ, ಮೊಲೆ ಹಿಡಿಯುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ, ಇದು ವಾಸಿಯಾಗುತ್ತದೆ. ತಾಯಿಗೂ ಚಿಕಿತ್ಸೆ ಇದೆ. ಬಸುರಿಗೆ ಮದ್ದನ್ನು ತಟ್ಟನೆ ಬಿಡಿಸಬೇಡಿ, ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ ಅನ್ನು ಗೊತ್ತಾದ ಅಳತೆಯಲ್ಲಿ ಕೊಡುತ್ತಾ ಹೋಗಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಈ ಎರಡನ್ನು ಹೋಲಿಸಿದ ದೊಡ್ಡ ಪ್ರಯೋಗವೊಂದು 2010ರಲ್ಲಿ ಪ್ರಕಟವಾಯಿತು. ಬ್ಯೂಪ್ರೆನಾರ್ಫಿನ್ ಪಡೆದ ತಾಯಂದಿರ ಕೂಸುಗಳು ಸರಾಸರಿ 10 ದಿನ ಆಸ್ಪತ್ರೆಯಲ್ಲಿದ್ದವು, ಮೆಥಡೋನ್ ಪಡೆದವರ ಕೂಸುಗಳು 17.5 ದಿನ. ಅವುಗಳಲ್ಲಿ 96 ಮಕ್ಕಳನ್ನು ಮೂರು ವರ್ಷದ ತನಕ ಗಮನಿಸಿದಾಗ ಎರಡೂ ಕಡೆಯವರ ಬೆಳವಣಿಗೆ ಸಾಮಾನ್ಯ ಮಕ್ಕಳ ಮಟ್ಟದಲ್ಲೇ ಇತ್ತು.

ಹಾಗಾದರೆ ಮೆದುಳಿಗೆ ಏನೂ ಆಗುವುದಿಲ್ಲವೇ? ಹಾಗೆಂದರೆ ನಾನೂ ಸುಳ್ಳು ಹೇಳಿದಂತೆ. ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಕಟ್ಟಿಕೊಳ್ಳುವ ಹೊತ್ತು ಈ ಮದ್ದುಗಳಿಂದ, ಚಿಕಿತ್ಸೆಯ ಮದ್ದಿನಿಂದಲೂ, ಹಿಂದುಮುಂದಾಗುವುದನ್ನು ಇಲಿಮರಿಗಳಲ್ಲಿ ಕಂಡಿದ್ದಾರೆ. ಮನುಷ್ಯರ ಮಕ್ಕಳನ್ನು ಗುಂಪಾಗಿ ಅಳೆದಾಗ ಸರಾಸರಿ ಅಂಕ ಕೊಂಚ ಕಡಿಮೆ ಬಂದದ್ದೂ ಉಂಟು. ಆದರೆ ಆ ತಾಯಂದಿರಲ್ಲಿ ಹೆಚ್ಚಿನವರು ಬಡವರು, ತಂಬಾಕು ಬಳಸುವವರು, ಹೊಡೆತ ತಿಂದವರು. ಅಂಕದ ಕೊರತೆಯಲ್ಲಿ ಮದ್ದಿನ ಪಾಲೆಷ್ಟು, ಹಸಿವಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಇನ್ನೊಂದು ಮಾತು. ಚಿಕಿತ್ಸೆ ಬೇಡವೆಂದರೆ ಆ ಜಾಗಕ್ಕೆ ಮದ್ದೇ ಇಲ್ಲದ ಶುದ್ಧ ಗರ್ಭ ಬರುವುದಿಲ್ಲ. ಬರುವುದು ನಾಲ್ಕು ದಿನದ ಉಪವಾಸ, ಐದನೇ ದಿನದ ಕಳ್ಳ ಗುಳಿಗೆ.

ಅಮೆರಿಕದವರು ಈ ತಪ್ಪನ್ನು ನಮಗಿಂತ ಮೊದಲೇ ಮಾಡಿದ್ದಾರೆ. 1980ರ ದಶಕದಲ್ಲಿ ಕೊಕೇನ್ ಬಳಸಿದ ತಾಯಂದಿರ ಮಕ್ಕಳೆಲ್ಲ ಬುದ್ಧಿಹೀನರಾಗುತ್ತಾರೆ ಎಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ದಕ್ಷಿಣ ಕೆರೊಲಿನಾದಲ್ಲಿ ತಾಯಂದಿರನ್ನು ಜೈಲಿಗೂ ಕಳಿಸಿದರು. ಫಿಲಡೆಲ್ಫಿಯಾದ ಡಾ. ಹ್ಯಾಲಮ್ ಹರ್ಟ್ 1989ರಲ್ಲಿ 224 ಕೂಸುಗಳ ಅಧ್ಯಯನ ಶುರುಮಾಡಿ ಎರಡು ದಶಕಕ್ಕೂ ಹೆಚ್ಚು ಕಾಲ ಅವರ ಬೆನ್ನಿಗೆ ನಿಂತರು. ಅರ್ಧದಷ್ಟು ಮಕ್ಕಳು ಕೊಕೇನ್ ತಾಗಿದವರು, ಉಳಿದವರು ತಾಗದವರು. ಎಲ್ಲರೂ ಬಡವರ ಮನೆಯವರು. ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಇಬ್ಬರೂ ಸರಾಸರಿಗಿಂತ ಕೆಳಗಿದ್ದರು. ಕೊಕೇನಿಗಿಂತ ಬಡತನವೇ ಹೆಚ್ಚು ಹಾನಿ ಮಾಡಿತ್ತು ಎಂಬುದು ಅವರಿಗೆ ಕೊನೆಗೆ ಕಂಡದ್ದು.

ಈಗ ನಮ್ಮ ಓಣಿಗೆ ಬನ್ನಿ. ನನ್ನ ತಂಗಿಯ ಗುಳಿಗೆಯ ಲೆಕ್ಕ ಇಟ್ಟವರು ಬಸುರಿಯರ ಬಾಯಲ್ಲಿರುವ ತಂಬಾಕಿನ ಲೆಕ್ಕ ಇಟ್ಟಿದ್ದಾರೆಯೇ? ಜಗಿಯುವ ತಂಬಾಕು ಬಳಸುವ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಗುತ್ತವೆ ಎಂದು ಮುಂಬೈನ ಅಧ್ಯಯನವೊಂದು 2004ರಲ್ಲಿ ತೋರಿಸಿತ್ತು. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ. ಕಬ್ಬಿಣಾಂಶ ಇಲ್ಲದೆ ಕೂಸಿನ ಮೆದುಳೂ ಸರಿಯಾಗಿ ಬೆಳೆಯುವುದಿಲ್ಲ. ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಸರ್ಕಾರದ ಸಮೀಕ್ಷೆಯೇ ಹೇಳುತ್ತದೆ. ಅವರ ಅವ್ವಂದಿರೆಲ್ಲ ಗುಳಿಗೆ ನುಂಗಿದ್ದರೇನು? 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಯರಿಗೆ ಅಂಗನವಾಡಿಯಲ್ಲೇ ಊಟ, ಹಾಲು, ಮೊಟ್ಟೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿದ್ದವಳಿಗೆ ಕಕ್ಕೇರಾದ ಅಂಗನವಾಡಿ ಎಟುಕುವುದು ಹೇಗೆ? ಅದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಕೂಸನ್ನು ಒಟ್ಟಿಗೆ ಇಟ್ಟುಕೊಂಡು ಮಾನಸಿಕ ಚಿಕಿತ್ಸೆ ಕೊಡುವ ವಿಭಾಗ 2009ರಿಂದಲೇ ಇದೆ. ವ್ಯಸನ ಚಿಕಿತ್ಸೆಯ ಕೇಂದ್ರವೂ ಅಲ್ಲೇ ಇದೆ. ಬೈದ ಬಾಯಿ ಆ ಎರಡು ಹೆಸರನ್ನಾದರೂ ಹೇಳಬಹುದಿತ್ತು.

1922ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಮುಂಬೈ ಗಿರಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿ ನೋಡಿ ವರದಿ ಬರೆದರು. ಅವರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ತಿನ್ನಿಸುತ್ತಿದ್ದರು. ಬಾಳಗೋಲಿ ಎಂದು ಅದರ ಹೆಸರು. ಅವ್ವ ಗಿರಣಿಯಲ್ಲಿ ನಿಂತಿರುವಷ್ಟು ಹೊತ್ತು ಕೂಸು ಅಳದೆ ಮಲಗಿರಬೇಕಲ್ಲ, ಅದಕ್ಕೆ. ಆಗಲೂ ತಾಯಂದಿರ ಅಜ್ಞಾನವನ್ನು ಹಳಿಯುವವರಿಗೆ ಬರವಿರಲಿಲ್ಲ. ಕೂಸಿಗೆ ಮೊಲೆ ಕೊಡಲು ಬಿಡುವಿಲ್ಲದಂತೆ ಗಿರಣಿ ನಡೆಸಿದವರನ್ನು ಹಳಿದದ್ದು ಕಡಿಮೆ. ಇಂದು ಮೇಸ್ತ್ರಿ ಕೈಯಲ್ಲಿ ಕೂಲಿಯ ಜೊತೆಗೇ ಬರುವ ಕ್ಯಾಪ್ಸೂಲಿನ ಬಗ್ಗೆ ನಮ್ಮ ಓಣಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ತಂಗಿ ಈಗ ಗುಳಿಗೆ ಬಿಟ್ಟಿದ್ದಾಳೆ. ಬಿಡಿಸಿದ್ದು ಬೈಗುಳವಲ್ಲ, ಅಳತೆ ಇಳಿಸುತ್ತಾ ಹೋದ ವೈದ್ಯರೊಬ್ಬರು ಸಿಕ್ಕರು. ಹುಟ್ಟಿದಾಗ ವಾರವಿಡೀ ನಡುಗಿದ್ದ ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಹೋದ ವಾರ ಕಟ್ಟೆಯ ಮೇಲೆ ಕುಳಿತು ಏಳರ ಮಗ್ಗಿ ಹೇಳುವಾಗ ನಲವತ್ತೊಂಬತ್ತರ ಹತ್ತಿರ ತಡವರಿಸಿದಳು. "ನೋಡ್ರಿ, ನಾ ಹೇಳಿದ್ದಿಲ್ಲೇನು?" ಅಂದರು ಪಕ್ಕದ ಮನೆಯವರು. ಅವರ ಮೊಮ್ಮಗನಿಗೂ ಅಷ್ಟೇ ವಯಸ್ಸು. ಅವನು ಇಪ್ಪತ್ತೊಂದಕ್ಕೇ ನಿಲ್ಲಿಸಿ ಆಡಲು ಓಡಿದ್ದ.