ಆಟದ ಅಂಗಳ: ಮುಖವಾಡದ ಧೀರ

ಹಾಕಿಯೆಂದರೆ ನಮಗೆಲ್ಲ ಧ್ಯಾನಚಂದರ ಹಾಕಿ. ಮಂಜುಗಡ್ಡೆಯ ಮೇಲೆ ಉಕ್ಕಿನಲಗಿನ ಬೂಟು ತೊಟ್ಟು ಜಾರುತ್ತ ಆಡುವ ಕೆನಡಾದವರ ಹಾಕಿ ಬೇರೆಯೇ. ಅಲ್ಲಿ ಚೆಂಡಿಲ್ಲ, ಗಟ್ಟಿ ರಬ್ಬರಿನ ಬಿಲ್ಲೆ, ತೂಕ ಸುಮಾರು 170 ಗ್ರಾಂ. ಅದು ಮುಖಕ್ಕೇ ಹಾರಿ ಬಂದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಆದರೂ ಬಹುಕಾಲ ಗೋಲ್‌ಕೀಪರುಗಳು ಬರಿಮುಖದಲ್ಲೇ ನಿಲ್ಲುತ್ತಿದ್ದರು!

ನನ್ನ ಮೆಚ್ಚಿನವನು ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಆಂಡಿ ಬಾತ್‌ಗೇಟನ ಹೊಡೆತಕ್ಕೆ ಅವನ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡವನು, ಮುಖವಾಡವಿಲ್ಲದೆ ಇಳಿಯುವುದಿಲ್ಲವೆಂದ. ತರಬೇತುದಾರ ಟೋ ಬ್ಲೇಕನಿಗೆ ಅದು ಸರಿಬೀಳದು. ಆದರೆ ಬದಲಿಯವನೆಲ್ಲಿ? ಒಪ್ಪಲೇಬೇಕಾಯಿತು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಪ್ಲಾಂಟನ ಕೆಚ್ಚನ್ನೇ ಶಂಕಿಸಿದವರಿದ್ದರು. ನನಗೇನೋ ಆ ದಿನದ ಎದೆಗಾರ ಅವನೇ ಎನಿಸುತ್ತದೆ.

ಉಳಿದವರಿಗೆ ಬುದ್ಧಿ ಬರಲು ಇನ್ನೂ ಕಾಲ ಹಿಡಿಯಿತು. 1968ರ ಜನವರಿಯಲ್ಲಿ ಮಿನ್ನೆಸೋಟದ ಬಿಲ್ ಮಾಸ್ಟರ್‌ಟನ್ ಆಡುವಾಗ ಬಿದ್ದು, ಬರಿದಲೆಗೆ ಪೆಟ್ಟಾಗಿ, ಎರಡೇ ದಿನದಲ್ಲಿ ತೀರಿಕೊಂಡ. ನ್ಯಾಷನಲ್ ಹಾಕಿ ಲೀಗಿನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು ಮಾತ್ರ 1979ರಲ್ಲಿ, ಅದೂ ಹೊಸಬರಿಗಷ್ಟೆ. (ನಮ್ಮ ಸ್ಕೂಟರ್ ಸವಾರರ ತಕರಾರು ನೆನಪಾಗುವುದಿಲ್ಲವೆ?) ಹಳಬ ಕ್ರೇಗ್ ಮ್ಯಾಕ್‌ಟವಿಷ್ 1997ರವರೆಗೂ ಬರಿದಲೆಯಲ್ಲೇ ಆಡಿದ.

ಈಚೆಗೆ, 2025ರ ಏಪ್ರಿಲ್ 6ರಂದು, ರಷ್ಯದ ಅಲೆಕ್ಸಾಂಡರ್ ಓವೆಚ್ಕಿನ್ ತನ್ನ 895ನೆಯ ಗೋಲು ಹೊಡೆದು, ವೇಯ್ನ್ ಗ್ರೆಟ್ಸ್ಕಿಯ 894ರ ದಾಖಲೆಯನ್ನು ಮುರಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಗೋಲು ಬಿಟ್ಟುಕೊಟ್ಟ ಇಲ್ಯಾ ಸೊರೋಕಿನ್ನನ ಮೇಲಿತ್ತು. ಮುಖ ಕಾಣಲಿಲ್ಲ, ಪ್ಲಾಂಟ್ ಹಟ ಹಿಡಿದು ತಂದ ಮುಖವಾಡವೇ ಕಂಡಿತು.