ಊಹೆ ತಪ್ಪಿದರೂ ನಪಾಸಿಲ್ಲ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಅಂಚಿಗೆ, ಎರಡು ವಸ್ತು ಸಂಗ್ರಹಾಲಯಗಳು ನೆರೆಹೊರೆಯಾಗಿ ನಿಂತಿವೆ. ಒಂದು, 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತು ಸಂಗ್ರಹಾಲಯ. ಕಾಡುಹಂದಿಯೊಡನೆ ಹೋರಾಡಿದ ಕಾಳಿ ಎಂಬ ನಾಯಿಯ ನೆನಪನ್ನು ಉಳಿಸಿರುವ, ಹತ್ತನೆಯ ಶತಮಾನದ ಆತಕೂರು ಶಾಸನ ಇದರ ಸಂಗ್ರಹಕ್ಕೆ ಸೇರಿದ್ದು. ಸಾವಿರ ವರ್ಷ ದಾಟಿದ ಕಲ್ಲನ್ನು ಬಂದವರೆಲ್ಲ ಸವರತೊಡಗಿದರೆ ಅಕ್ಷರಗಳು ಉಳಿಯುವುದಿಲ್ಲ. ಅಲ್ಲಿ ಕೈ ಕಟ್ಟಿ ನೋಡುವುದೇ ಸರಿ. ಇನ್ನೊಂದು, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯ. ಇಲ್ಲಿ ನಿಯಮ ತಲೆಕೆಳಗು. ಹಿಡಿ ತಿರುಗಿಸದೆ, ಗುಂಡಿ ಒತ್ತದೆ, ಕನ್ನಡಿಯ ಮುಂದೆ ಕುಣಿಯದೆ ಹೊರಬಂದ ಮಗು ಇಲ್ಲಿ ಏನನ್ನೂ ನೋಡಿದಂತಾಗಲಿಲ್ಲ.

ಆದರೆ ರಜೆಯಲ್ಲಿ ಮಕ್ಕಳನ್ನು ಕರೆತರುವ ಅನೇಕ ತಂದೆ ತಾಯಂದಿರು ಎರಡನ್ನೂ ಒಂದೇ ರೀತಿಯಲ್ಲಿ ತೋರಿಸಿ ಮುಗಿಸುತ್ತಾರೆ. ‘ಬೇಗ ಬಾ, ಇನ್ನೂ ಮೇಲಿನ ಮಹಡಿ ಇದೆ’ ಎಂಬ ಅವಸರ ಒಂದು ಕಡೆ. ಮಗು ಹಿಡಿಯನ್ನು ಮುಟ್ಟುವ ಮೊದಲೇ ಫಲಕದ ವಿವರಣೆಯನ್ನು ಗಟ್ಟಿಯಾಗಿ ಓದಿ ಹೇಳುವ ಉತ್ಸಾಹ ಇನ್ನೊಂದು ಕಡೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿಕ್ಕಿಬಿಟ್ಟರೆ ಪ್ರಶ್ನೆ ಹುಟ್ಟುವುದಾದರೂ ಹೇಗೆ?

ಮುಟ್ಟಿ ನೋಡುವ ಪರಂಪರೆ

ಮಕ್ಕಳಿಗಾಗಿಯೇ ಒಂದು ಸಂಗ್ರಹಾಲಯ ಎಂಬ ಕಲ್ಪನೆ ಹೊಸದಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಅಂಥದೊಂದು 1899ರಲ್ಲಿಯೇ ಆರಂಭವಾಯಿತು. ನಮ್ಮ ದೇಶದಲ್ಲಿ ಕೊಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ 1959ರಲ್ಲಿ ತೆರೆಯಿತು. ಬೆಂಗಳೂರಿನ ಕಟ್ಟಡವನ್ನು ಜವಾಹರಲಾಲ್ ನೆಹರೂ ಉದ್ಘಾಟಿಸಿದ್ದು 1962ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡ ವರ್ಷವೇ. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1965ರಲ್ಲಿ.

ಈ ಪರಂಪರೆಯಲ್ಲಿ ನೆನೆಯಬೇಕಾದ ಒಂದು ಹೆಸರು ಫ್ರಾಂಕ್ ಓಪನ್‌ಹೈಮರ್. ಅಣುಬಾಂಬ್ ಯೋಜನೆಯ ರಾಬರ್ಟ್ ಓಪನ್‌ಹೈಮರ್‌ನ ತಮ್ಮ, ಸ್ವತಃ ಭೌತವಿಜ್ಞಾನಿ. ರಾಜಕೀಯ ಕಾರಣಗಳಿಗಾಗಿ 1949ರಲ್ಲಿ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು ಕೊಲರಾಡೋದಲ್ಲಿ ದನ ಸಾಕಿ ಬದುಕಿದ. 1957ರಲ್ಲಿ ಅಲ್ಲಿಯ ಪಗೋಸಾ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾದ. ಊರಿನ ಗುಜರಿ ರಾಶಿಯಲ್ಲಿ ಸಿಕ್ಕ ಮೋಟಾರಿನ ಬಿಡಿಭಾಗಗಳೇ ಅವನ ಪ್ರಯೋಗ ಸಾಮಗ್ರಿ. ಮುಂದೆ 1969ರಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ‘ಎಕ್ಸ್‌ಪ್ಲೊರೇಟೋರಿಯಂ’ ಜಗತ್ತಿನ ಅನೇಕ ವಿಜ್ಞಾನ ಕೇಂದ್ರಗಳಿಗೆ ಮಾದರಿಯಾಯಿತು. ವಸ್ತು ಸಂಗ್ರಹಾಲಯದಲ್ಲಿ ಯಾರೂ ನಪಾಸಾಗುವುದಿಲ್ಲ ಎಂಬುದು ಅವನ ಹೆಸರಿನೊಡನೆ ಸೇರಿಕೊಂಡಿರುವ ಮಾತು. ಶಾಲೆಯಲ್ಲಿ ಪಾಠ ಮಾಡಿದವನಿಗೇ ಹೊಳೆಯಬಹುದಾದ ಮಾತು ಅದು.

ಶಾಲೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ. ಹೀಗಾಗಿ ನಮ್ಮ ಮಕ್ಕಳು ಬಹುಬೇಗ ಒಂದು ಉಪಾಯ ಕಲಿಯುತ್ತಾರೆ: ಖಚಿತವಾಗಿ ಗೊತ್ತಿಲ್ಲದಿದ್ದರೆ ಬಾಯಿ ತೆರೆಯಬಾರದು. ಆದರೆ ವಿಜ್ಞಾನ ಮುಂದೆ ಸಾಗುವುದೇ ಊಹಿಸಿ, ಪರೀಕ್ಷಿಸಿ, ತಪ್ಪೆಂದು ಕಂಡಾಗ ಊಹೆಯನ್ನು ಬದಲಿಸಿಕೊಳ್ಳುವುದರಿಂದ. ಆ ಧೈರ್ಯ ಹತ್ತು ವರ್ಷದೊಳಗೇ ಬತ್ತಿಹೋದರೆ ಪಿಯುಸಿಯಲ್ಲಿ ಯಾವ ಟ್ಯೂಷನ್ನೂ ಅದನ್ನು ಮರಳಿಸಲಾರದು.

ಬಳೆಗೂ ಬಿಲ್ಲೆಗೂ ಓಟ

ಒಂದು ಉದಾಹರಣೆ ನೋಡೋಣ. ಇಳಿಜಾರಿನ ಮೇಲಿಂದ ಒಂದು ಬಳೆಯನ್ನೂ ಒಂದು ತುಂಬು ಬಿಲ್ಲೆಯನ್ನೂ ಒಟ್ಟಿಗೆ ಉರುಳಿಸುವ ಸ್ಪರ್ಧೆ ಎಷ್ಟೋ ವಿಜ್ಞಾನ ಕೇಂದ್ರಗಳಲ್ಲಿದೆ. ಯಾವುದು ಮೊದಲು ಕೆಳಗೆ ಬರುತ್ತದೆ? ‘ಭಾರವಾದದ್ದು’ ಎನ್ನುತ್ತದೆ ಒಂದು ಮಗು. ‘ದೊಡ್ಡದು’ ಎನ್ನುತ್ತದೆ ಇನ್ನೊಂದು. ‘ಎರಡೂ ಒಟ್ಟಿಗೆ’ ಎನ್ನುತ್ತಾರೆ ಗೆಲಿಲಿಯೋನ ಪಾಠ ನೆನಪಿರುವ ಅಪ್ಪ. ಮೂವರ ಊಹೆಯೂ ತಪ್ಪು! ಭಾರ ಎಷ್ಟೇ ಇರಲಿ, ಗಾತ್ರ ಎಷ್ಟೇ ಇರಲಿ, ಜಾರದೆ ಉರುಳಿದರೆ ಗೆಲ್ಲುವುದು ಯಾವಾಗಲೂ ತುಂಬು ಬಿಲ್ಲೆ.

ಕಾರಣ ಇಷ್ಟೇ. ಎತ್ತರದಲ್ಲಿದ್ದಾಗ ವಸ್ತುವಿಗೆ ಇದ್ದ ಶಕ್ತಿ ಕೆಳಗಿಳಿಯುವಾಗ ಎರಡು ಕೆಲಸಗಳಿಗೆ ಹಂಚಿಹೋಗುತ್ತದೆ: ಮುಂದಕ್ಕೆ ಸಾಗುವುದು ಮತ್ತು ತನ್ನ ಸುತ್ತ ತಾನು ತಿರುಗುವುದು. ಬಳೆಯ ದ್ರವ್ಯವೆಲ್ಲ ಅಂಚಿನಲ್ಲಿದೆ. ಅದನ್ನು ತಿರುಗಿಸುವುದಕ್ಕೇ ಅರ್ಧ ಶಕ್ತಿ ಬೇಕು. ಬಿಲ್ಲೆಯ ದ್ರವ್ಯ ನಡುವಿನವರೆಗೂ ಹರಡಿದೆ. ತಿರುಗುವುದಕ್ಕೆ ಮೂರರಲ್ಲಿ ಒಂದು ಪಾಲು ಸಾಕು, ಉಳಿದದ್ದೆಲ್ಲ ಮುನ್ನಡೆಗೆ. ಲೆಕ್ಕದ ಪ್ರಕಾರ, ಬಿಲ್ಲೆ 1 ಮೀಟರ್ ಕ್ರಮಿಸುವ ಹೊತ್ತಿಗೆ ಬಳೆ ಮುಕ್ಕಾಲು ಮೀಟರ್ ಮಾತ್ರ ಬಂದಿರುತ್ತದೆ.

ಐದು ವರ್ಷದ ಮಗುವಿಗೆ ಈ ಲೆಕ್ಕ ಬೇಕಿಲ್ಲ. ಬೇಕಾದದ್ದು ‘ಮತ್ತೊಂದು ಸಲ!’ ಎನ್ನುವ ಅವಕಾಶ. ಮಗು ಒಂದೇ ಆಟವನ್ನು ಇಪ್ಪತ್ತು ಸಲ ಮಾಡಿದರೆ ಸಮಯ ವ್ಯರ್ಥವಾಯಿತೆಂದು ಹಿರಿಯರು ಚಡಪಡಿಸುತ್ತಾರೆ. ವಾಸ್ತವವಾಗಿ ಅದು ಪ್ರಯೋಗಾಲಯದಲ್ಲಿ ನಡೆಯುವ ಕೆಲಸವೇ. ಫಲಿತಾಂಶ ಪ್ರತಿ ಸಲವೂ ಅದೇ ಬರುತ್ತದೆಯೇ ಎಂದು ಮಗು ಪರೀಕ್ಷಿಸುತ್ತಿದೆ.

ತಂದೆ ತಾಯಂದಿರಿಗೆ ಕೆಲವು ಮಾತು

ಒಂದೇ ದಿನದಲ್ಲಿ ಎಲ್ಲ ಮಹಡಿಗಳನ್ನೂ ಮುಗಿಸುವ ಹಟ ಬೇಡ. ಪುಟಾಣಿಗಳಿಗೆ ಒಂದೆರಡು ಗಂಟೆ, ನಾಲ್ಕಾರು ಪ್ರದರ್ಶಿಕೆಗಳು ಸಾಕು. ಕೈ ಹಾಕುವ ಮೊದಲು ‘ಏನಾಗಬಹುದು?’ ಎಂದು ಕೇಳಿ. ಮಗುವಿನ ಊಹೆಗೆ ನಗಬೇಡಿ, ನಿಮ್ಮ ಊಹೆಯನ್ನೂ ಹೇಳಿ. ಫಲಕವನ್ನು ಕೊನೆಯಲ್ಲಿ ಓದಿ. ಹಿಂದೆ ಇನ್ನೊಂದು ಮಗು ಕಾಯುತ್ತಿದ್ದರೆ ಸರದಿ ಬಿಟ್ಟುಕೊಡುವುದನ್ನೂ ಕಲಿಸಿ. ದಿನವೂ ಹಲವಾರು ಕೈಗಳು ತಿರುಗಿಸುವ ಯಂತ್ರ ಸವೆಯುತ್ತದೆ. ಮುಟ್ಟುವುದು ಬೇರೆ, ಗುದ್ದುವುದು ಬೇರೆ ಎಂಬುದೂ ಕಲಿಯಬೇಕಾದ ಪಾಠವೇ.

ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ? ಓದು ಬಾರದ ತಾಯಿ ಈ ಭಯದಿಂದ ಹಿಂದೆ ನಿಲ್ಲುವುದುಂಟು. ಪದವೀಧರ ತಂದೆ ಏನೋ ಒಂದು ಹೇಳಿ ಜಾರಿಕೊಳ್ಳುವುದೂ ಉಂಟು. ಎರಡೂ ಬೇಕಿಲ್ಲ. ‘ನನಗೂ ಗೊತ್ತಿಲ್ಲ, ಮಾಡಿ ನೋಡೋಣ’ ಎನ್ನುವುದಕ್ಕೆ ಯಾವ ಪದವಿಯೂ ಬೇಡ. ಬಳೆಯ ಓಟದ ಮುಂದೆ ತಾಯಿಯೂ ಮಗುವೂ ಒಂದೇ ತರಗತಿಯವರು.

ಬೆಂಗಳೂರು ದೂರವಾದವರಿಗೆ

ಕಲಬುರಗಿ, ಧಾರವಾಡ, ಮಂಗಳೂರಿನ ಪಿಲಿಕುಳಗಳಲ್ಲಿಯೂ ವಿಜ್ಞಾನ ಕೇಂದ್ರಗಳಿವೆ. ಬಸ್ಸಿನಲ್ಲಿ ಪ್ರದರ್ಶಿಕೆಗಳನ್ನು ಹೊತ್ತು ಹಳ್ಳಿಯ ಶಾಲೆಗಳಿಗೆ ಹೋಗುವ ಸಂಚಾರಿ ವಿಜ್ಞಾನ ಪ್ರದರ್ಶನಗಳೂ ಇವೆ. ಇವೂ ಕೈಗೆಟುಕದಿದ್ದರೆ ಮನೆಯ ಜಗಲಿಯೇ ಸಾಕು. ಒಂದು ಮೀಟರ್ ಉದ್ದದ ಹಲಗೆಯ ತುದಿಗೆ ಎರಡು ಪುಸ್ತಕಗಳನ್ನಿಟ್ಟು ಸ್ವಲ್ಪವೇ ಎತ್ತರಿಸಿ. ಕೇರಂನ ಸ್ಟ್ರೈಕರ್ ಮತ್ತು ಲೋಹದ ಬಳೆಯನ್ನು ಒಂದು ಅಡಿಕೋಲಿಗೆ ಒರಗಿಸಿ ನಿಲ್ಲಿಸಿ, ಅಡಿಕೋಲನ್ನು ಥಟ್ಟನೆ ಎತ್ತಿ. ಓಟ ಆರಂಭ!

ಎರಡು ಲಾಳಿಕೆಗಳ ಬಾಯಿಗೆ ಬಾಯಿ ಸೇರಿಸಿ ಅಂಟುಪಟ್ಟಿ ಸುತ್ತಿ. ಎರಡು ಕೋಲುಗಳನ್ನು ‘ವಿ’ ಆಕಾರದಲ್ಲಿಟ್ಟು, ಅಗಲವಾದ ಕಡೆಯನ್ನು ತುಸು ಎತ್ತರಿಸಿ. ಲಾಳಿಕೆಗಳ ಜೋಡಿಯನ್ನು ತಗ್ಗಿನ ಕಡೆ ಇಟ್ಟರೆ ಅದು ಏರನ್ನು ಹತ್ತಿ ಹೋದಂತೆ ಕಾಣುತ್ತದೆ! ಗುರುತ್ವವೇನೂ ಸೋತಿಲ್ಲ. ಕೋಲುಗಳು ಅಗಲವಾದಂತೆ ಜೋಡಿಯ ನಡುಭಾಗ ಕೆಳಕ್ಕೆ ಕುಸಿಯುತ್ತಾ ಹೋಗುತ್ತದೆ. ಆರಂಭದಲ್ಲಿ ಮತ್ತು ಕೊನೆಯಲ್ಲಿ ನಡುಭಾಗದ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದರೆ ಗುಟ್ಟು ಬಯಲಾಗುತ್ತದೆ. ಕೋಲುಗಳನ್ನು ಹೆಚ್ಚು ಎತ್ತರಿಸಿದರೆ ಆಟ ನಡೆಯುವುದಿಲ್ಲ. ಎಷ್ಟು ಎತ್ತರದವರೆಗೆ ನಡೆಯುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ.

ಕೊನೆಗೆ, ಈ ವಾರಕ್ಕೊಂದು ಸವಾಲು. ಒಂದೇ ಬಗೆಯ ಎರಡು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಕಂಠಪೂರ್ತಿ ನೀರು ತುಂಬಿ, ಇನ್ನೊಂದನ್ನು ಖಾಲಿ ಬಿಡಿ; ಎರಡಕ್ಕೂ ಮುಚ್ಚಳ ಬಿಗಿಯಿರಿ. ಅದೇ ಹಲಗೆಯ ಮೇಲೆ ಅಡ್ಡಲಾಗಿ ಮಲಗಿಸಿ ಉರುಳಿಸಿದರೆ ಗೆಲ್ಲುವುದು ಯಾವುದು? ಏಕೆ? ಮನೆಯವರೆಲ್ಲ ತಮ್ಮ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಮಾಡಿ ನೋಡಲಿ. ಉತ್ತರವನ್ನು ಇಲ್ಲಿ ಕೊಟ್ಟಿಲ್ಲ. ಅದನ್ನು ಬಾಟಲಿಗಳೇ ಹೇಳುತ್ತವೆ.