ಫಲಕ ನೋಡಿ ಕಾಲೇಜು ಆರಿಸುವವರಿಗೆ

ವರ್ಗಾವಣೆಯೊಡನೆ ಊರೂರು ಅಲೆಯುವ ಕೇಂದ್ರ ಸರ್ಕಾರಿ ನೌಕರರಾದ ನಾವು, ನರಮನೋವಿಜ್ಞಾನ ಓದುವೆನೆಂಬ ಮಕ್ಕಳಿಗಾಗಿ ‘ನ್ಯೂರೋ’ ಎಂಬ ಫಲಕ ಹೊತ್ತ ಕಾಲೇಜುಗಳನ್ನೇ ಅರಸುತ್ತಿದ್ದೇವೆ. ಇದು ಅವಿವೇಕ. ರೋಗಿಯ ಸ್ಮೃತಿ, ಗಮನ, ಭಾಷಾಶಕ್ತಿಗಳನ್ನು ಅಳೆಯುವ ಪರಿಣತಿ ಮೊದಲ ಪದವಿಯಲ್ಲಿ ದೊರೆಯದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿಯೂ ಅದರ ಪ್ರೌಢ ತರಬೇತಿ ಮನೋವಿಜ್ಞಾನದ ಸ್ನಾತಕೋತ್ತರ ವ್ಯಾಸಂಗದ ಅನಂತರದ್ದು. ಆದುದರಿಂದ ಕಾಲೇಜನ್ನು ಕೇಳಬೇಕಾದುದು ಇಷ್ಟೇ: ಸಂಖ್ಯಾಶಾಸ್ತ್ರವನ್ನು ಶ್ರದ್ಧೆಯಿಂದ ಕಲಿಸುವಿರಾ? ಜೀವಶಾಸ್ತ್ರವನ್ನು ಜೊತೆಗೆ ಓದಬಹುದೇ? ಪ್ರಯೋಗಾಲಯದ ಬೀಗ ತಪಾಸಣೆಯ ದಿನ ಮಾತ್ರ ತೆರೆಯುವುದೇ?

ಇನ್ನೊಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಪಾರ್ಶ್ವವಾಯುವಿನಿಂದ ಮಾತು ತೊದಲುವ ಕನ್ನಡದ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ತಿಳಿಯುವುದು ಆಕೆಯ ಇಂಗ್ಲಿಷಿನ ಮಟ್ಟವೇ ಹೊರತು ಮಿದುಳಿನ ಸ್ಥಿತಿಯಲ್ಲ. ಆಕೆಯ ನುಡಿ ನಮ್ಮ ಮಕ್ಕಳಿಗೆ ಬಾರದಿದ್ದರೆ, ಆ ಕೊರತೆಯನ್ನು ಯಾವ ಕಾಲೇಜಿನ ಶುಲ್ಕವೂ ತುಂಬದು. ಅದನ್ನು ನಾವೇ ಮನೆಯಲ್ಲಿ ಕಲಿಸಬೇಕು.